ಮಾಡೆಲ್ ವಿಮಾನದ ಗ್ಲೋ ಎಂಜಿನ್ (ಪ್ಲಗ್ಗಿನ ಬಿಸಿಯಿಂದ ಇಂಧನ ಹೊತ್ತಿಕೊಳ್ಳುವ ಪುಟ್ಟ ಎಂಜಿನ್) ಸ್ಟಾರ್ಟ್ ಮಾಡುವಾಗ ಬೆರಳಿಗೆ ಪ್ರೊಪೆಲ್ಲರ್ ಹೊಡೆಯದಂತೆ ಏನು ಮಾಡಬೇಕು? ದಪ್ಪ ಗ್ಲೌಸ್ ಹಾಕಿದರೆ ಸಾಕಾ?

ಸಾಕಾಗಲ್ಲ. ಸ್ಟಾರ್ಟ್ ಮಾಡುವಾಗ ಎಂಜಿನ್ ಹಿಂದಕ್ಕೆ ಒದ್ದರೆ ಆ ಪೆಟ್ಟನ್ನು ಚರ್ಮದ ಗ್ಲೌಸ್ ಸ್ವಲ್ಪ ತಡೆದೀತು. ಓಡುತ್ತಿರುವ ಪ್ರೊಪ್ ಮುಂದೆ ಅದು ಲೆಕ್ಕಕ್ಕಿಲ್ಲ. 10 ಇಂಚಿನ ಪ್ರೊಪ್ ನಿಮಿಷಕ್ಕೆ 12,000 ಸುತ್ತು ತಿರುಗಿದರೆ ತುದಿಯ ವೇಗ ಗಂಟೆಗೆ ಸುಮಾರು 575 ಕಿ.ಮೀ. ಅದೂ ಕಣ್ಣಿಗೆ ಕಾಣೋದೇ ಇಲ್ಲ. ತುದಿಗೆ ಬಿಳಿ ಬಣ್ಣ ಬಳಿದರೆ ಒಂದು ವೃತ್ತವಾದರೂ ಕಾಣುತ್ತೆ.

ಎಲ್ಲರೂ ಸ್ಟಾರ್ಟ್ ಆಗುವ ಕ್ಷಣಕ್ಕೇ ಹೆದರ್ತಾರೆ. ನನಗೆ ಏಟು ಬಿದ್ದಿದ್ದು ಆಮೇಲೆ. ದಾವಣಗೆರೆ ಹೊರಗೆ ಮೆಕ್ಕೆಜೋಳ ಕಟಾವಾದ ಹೊಲ, ಎಂಜಿನ್ ಎರಡನೇ ಏಟಿಗೇ ಹತ್ತಿಕೊಳ್ತು. ಆ ಖುಷಿಯಲ್ಲಿ ಪ್ಲಗ್ ಕಾಯಿಸೋ ಬ್ಯಾಟರಿ ಕ್ಲಿಪ್ ತೆಗೆಯೋಕೆ ಮುಂದೆ ಕೂತಲ್ಲಿಂದಲೇ ಪ್ರೊಪ್ ಮೇಲಿಂದ ಕೈ ಚಾಚಿದೆ. ಟಪ್ ಅಂತ ಸದ್ದು, ನೋವೇ ಇಲ್ಲ. ಬಿಳಿ ರೆಕ್ಕೆ ಮೇಲೆ ಕೆಂಪು ಹನಿ ನೋಡಿದ ಮೇಲೇ ಗೊತ್ತಾಗಿದ್ದು. ಎರಡು ಬೆರಳಿಗೆ ಏಳು ಹೊಲಿಗೆ. ತೋರುಬೆರಳಿನ ಉಗುರು ಇವತ್ತಿಗೂ ಸೊಟ್ಟಗೇ ಬೆಳೆಯುತ್ತೆ.

ಈಗ ಎಂಜಿನ್ ಹತ್ತಿದ ತಕ್ಷಣ ಎದ್ದು, ರೆಕ್ಕೆ ತುದಿ ಸುತ್ತಿಕೊಂಡು ಹಿಂದೆ ಹೋಗ್ತೀನಿ. ಕ್ಲಿಪ್ ತೆಗೆಯೋದು, ನೀಡಲ್ (ಇಂಧನ ಹೆಚ್ಚು-ಕಡಿಮೆ ಮಾಡೋ ತಿರುಪು) ತಿರುಗಿಸೋದು ಎಲ್ಲಾ ಹಿಂದಿನಿಂದಲೇ. ಬಾಲ ಹಿಡಿಯೋಕೆ ಒಬ್ಬ ಹುಡುಗ ಬೇಕೇ ಬೇಕು. "ಹಿಡ್ಕಂಡಿದೀನಿ ಅಣ್ಣ" ಅನ್ನೋ ತನಕ ಪ್ರೊಪ್ ಮುಟ್ಟಲ್ಲ. ಒಬ್ಬರೇ ಇದ್ದರೆ ಗೂಟ ಹೊಡೆದು ಬಾಲ ಕಟ್ಟಿ. ರೇಡಿಯೊ ಮೊದಲು ಆನ್ ಮಾಡಿ, ಥ್ರಾಟಲ್ ಪೂರ್ತಿ ಕೆಳಗಿದೆಯಾ ನೋಡಿ.

ಸ್ಟಾರ್ಟ್ ಮಾಡಲು ಪ್ರೊಪ್ ತಿರುಗಿಸೋಕೆ ಬೆರಳು ಬೇಡ, ಕೋಲು ಸಾಕು. ಇದಕ್ಕೆ ಚಿಕನ್ ಸ್ಟಿಕ್ ಅಂತಾರೆ, ಪುಕ್ಕಲರ ಕೋಲು ಅಂದ್ಕೊಳ್ಳಿ, ನಾನು ಪುಕ್ಕಲನೇ. ಹಳೇ ಸಲಿಕೆ ಕಾವಿನ ಒಂದಡಿ ತುಂಡಿಗೆ ರಬ್ಬರ್ ಪೈಪ್ ಹಾಕಿಕೊಂಡಿದೀನಿ. ಕೋಲು ಹಾಕೋ ಮೊದಲು ಕ್ಲಿಪ್ ಇಲ್ಲದೆ ನಿಧಾನಕ್ಕೆ ಒಂದು ಸುತ್ತು ತಿರುಗಿಸಿ ನೋಡಿ. ಗಟ್ಟಿಯಾಗಿ ನಿಂತರೆ ಒಳಗೆ ಇಂಧನ ತುಂಬಿದೆ ಅಂತ, ಜಬರ್ದಸ್ತಿ ಮಾಡದೆ ಪ್ಲಗ್ ಬಿಚ್ಚಿ ಆ ಇಂಧನ ಹೊರಗೆ ಹಾಕಿ. ಬಿಸಿ ಎಂಜಿನ್ ಆದರೆ ಹುಷಾರು, ಕ್ಲಿಪ್ ಇಲ್ಲದೆಯೂ ಒಮ್ಮೊಮ್ಮೆ ಹತ್ತಿಕೊಳ್ಳುತ್ತೆ. ಎಲೆಕ್ಟ್ರಿಕ್ ಸ್ಟಾರ್ಟರ್ ಇದ್ದರೆ ಪ್ರೊಪ್ ನಡುವಿನ ಟೊಪ್ಪಿಗೆಗೆ, ಅಂದರೆ ಸ್ಪಿನ್ನರ್‌ಗೆ ಒತ್ತಿದ ಮೇಲೆ ಸ್ವಿಚ್, ಮೊದಲಲ್ಲ.

ನೋಡೋಕೆ ಬರೋರದ್ದು ಇನ್ನೊಂದು ಕಥೆ. ಚಳ್ಳಕೆರೆ ಹತ್ತಿರ 2017ರಲ್ಲಿ ಡಿಆರ್‌ಡಿಒ ಪೈಲಟ್ ಇಲ್ಲದ ವಿಮಾನಗಳ ಟೆಸ್ಟ್ ರೇಂಜ್ ಉದ್ಘಾಟನೆ ಆದಾಗಿನಿಂದ ಏನು ಹಾರಿದರೂ "ಚಳ್ಳಕೆರೇದಾ ಇದು?" ಅಂತ ಕೇಳ್ತಾರೆ. ಒಮ್ಮೆ ಹೊಲದ ಯಜಮಾನರು ಹಾಗೇ ಕೇಳ್ತಾ ಬಗ್ಗಿದ್ರು, ಹೆಗಲ ಟವೆಲ್ ಪ್ರೊಪ್‌ನಿಂದ ಗೇಣು ದೂರದಲ್ಲಿ ಜೋತಾಡ್ತಿತ್ತು. ಎಂಜಿನ್ ಆಫ್ ಮಾಡಿದೆ. ಪ್ರೊಪ್‌ನ ನೇರಕ್ಕೆ ಪಕ್ಕದಲ್ಲೂ ಯಾರನ್ನೂ ನಿಲ್ಲಿಸಬೇಡಿ, ಅಲಗು ಮುರಿದರೆ ಸಿಡಿಯೋದು ಆ ಕಡೆಗೇ.

ಎಲೆಕ್ಟ್ರಿಕ್ ಮೋಟರ್ ಸೇಫ್ ಅಂತ ಅತ್ತ ಹೋಗೋ ಯೋಚನೆ ಇದ್ದರೆ ಇದು ನೆನಪಿರಲಿ: ಗ್ಲೋ ಎಂಜಿನ್ ಬೆರಳಿಗೆ ತಗುಲಿ ಒಮ್ಮೊಮ್ಮೆ ನಿಂತಾದರೂ ಹೋಗುತ್ತೆ, ಮೋಟರ್ ತಿರುಗೋಕೆ ಒದ್ದಾಡ್ತಾನೇ ಇರುತ್ತೆ. ಮನೆಯಲ್ಲಿ ಸೆಟ್ಟಿಂಗ್ ಮಾಡುವಾಗ ಪ್ರೊಪ್ ಬಿಚ್ಚಿಟ್ಟು ಆಮೇಲೆ ಬ್ಯಾಟರಿ ಸಿಕ್ಕಿಸಿ.