ಪೂರ್ತಿ ವೇಗದಲ್ಲಿ ಸೊರಗುವ ಔಟ್‌ಬೋರ್ಡ್ ಎಂಜಿನ್

ನಮಸ್ಕಾರ. ತಮ್ಮ ನಾಡದೋಣಿಯ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ ಎಂಜಿನ್) ದಡದ ಬಳಿ ಸರಿಯಾಗಿಯೇ ಓಡಿ, ಪೂರ್ತಿ ವೇಗ ಕೊಟ್ಟ ನಾಲ್ಕೈದು ನಿಮಿಷಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ, ಸ್ವಲ್ಪ ಹೊತ್ತು ನಿಧಾನವಾಗಿ ಓಡಿಸಿದರೆ ಮತ್ತೆ ಚೇತರಿಸಿಕೊಳ್ಳುತ್ತದೆ ಎಂದು ಬರೆದಿದ್ದೀರಿ. ಈ ಲಕ್ಷಣಕ್ಕೆ ನನ್ನ ಮೊದಲ ಅನುಮಾನ ಇಂಧನ ಪೂರೈಕೆಯ ಮೇಲೆ. ಕಾರ್ಬ್ಯುರೇಟರ್ ಬಿಚ್ಚುವ ಆತುರ ಬೇಡ.

ಮುಂದಿನ ಸಲ ಎಂಜಿನ್ ಸೊರಗಿದಾಗ, ದೋಣಿ ನಡೆಸುವುದನ್ನು ಇನ್ನೊಬ್ಬರಿಗೆ ಒಪ್ಪಿಸಿ, ಇಂಧನ ಪೈಪಿನ ನಡುವೆ ಇರುವ ರಬ್ಬರಿನ ಪ್ರೈಮರ್ ಬಲ್ಬನ್ನು ಮತ್ತೆ ಮತ್ತೆ ಹಿಸುಕಿ ನೋಡಿ. ಹಿಸುಕಿದೊಡನೆ ವೇಗ ಮರಳಿದರೆ, ಎಂಜಿನ್ನಿನ ಫ್ಯುಯೆಲ್ ಪಂಪಿನ ಡಯಾಫ್ರಂ (ಒಳಗಿನ ತೆಳು ಪೊರೆ) ಹರಿದಿರಬಹುದು ಅಥವಾ ಪೈಪಿನ ಜೋಡಣೆಯಲ್ಲೆಲ್ಲೋ ಗಾಳಿ ಸೇರುತ್ತಿರಬಹುದು. ಬಲ್ಬು ತಾನಾಗಿಯೇ ಚಪ್ಪಟೆಯಾಗಿ ಒಳಸರಿದಿದ್ದರೆ ತಡೆ ಇರುವುದು ಟ್ಯಾಂಕಿನ ಕಡೆಗೆ: ಟ್ಯಾಂಕಿನೊಳಗೆ ಗಾಳಿ ಬಿಡುವ ಮುಚ್ಚಳದ ಗಾಳಿತಿರುಪು ಬಿಗಿದಿದ್ದರೆ ಒಳಗೆ ನಿರ್ವಾತ ಉಂಟಾಗಿ ಪೆಟ್ರೋಲು ಬರುವುದಿಲ್ಲ. (ಪ್ಲಗ್ ಬದಲಿಸಿ, ಕಾರ್ಬ್ಯುರೇಟರ್ ತೊಳೆದು, ಕಡೆಗೆ ಇದೇ ತಿರುಪನ್ನು ಸಡಿಲಿಸಿ ನಾಚಿಕೊಂಡವರಲ್ಲಿ ನಾನೂ ಒಬ್ಬ.)

ಎಂಜಿನ್ನಿನ ಶಬ್ದ ಏರಿದರೂ ದೋಣಿ ಮುಂದೆ ಸಾಗದಿದ್ದರೆ ಮಾತ್ರ ಪ್ರೊಪೆಲ್ಲರಿನ ಒಳಗಿನ ರಬ್ಬರ್ ಬುಷ್ ಜಾರುತ್ತಿದೆಯೇ ಎಂದು ಪರೀಕ್ಷಿಸಿ. ಎಂಜಿನ್ನನ್ನು ತಂಪುಮಾಡಿ ಹೊರಬೀಳುವ ನೀರಿನ ಧಾರೆ ಸಣ್ಣದಾಗಿದ್ದರೆ ತಕ್ಷಣ ಎಂಜಿನ್ ನಿಲ್ಲಿಸಿ, ಆ ನೀರನ್ನು ಪಂಪು ಮಾಡುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ನೋಡಿಸಿ.