‘ಅವ್ವ’ನ ಅಡಿಯಲ್ಲಿ ಪುಟ್ಟದೊಂದು ‘ವ’

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಒಡವೆ ವಿನ್ಯಾಸ

ಪ್ರಶ್ನೆ: ನಮ್ಮದು ಸಿರುಗುಪ್ಪ. ನನಗೆ ನಾಲ್ಕು ತಿಂಗಳ ಮಗಳಿದ್ದಾಳೆ. ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಾಗ ಅವ್ವ ತನ್ನ ಹಳೆಯ ಬೋರಮಾಳ ಸರವನ್ನು ನನ್ನ ಕೈಗಿಟ್ಟಳು. ದಾರ ಜೀರ್ಣವಾಗಿದೆ, ಕೆಲವು ಗುಂಡುಗಳು ನೆಗ್ಗಿವೆ. ಅದನ್ನು ಕರಗಿಸಿ, ತಾಯಿ–ಮಗಳ ನಂಟು ಕಾಣುವಂಥ ಪದಕ ಮಾಡಿಸಬೇಕೆಂದಿದ್ದೇನೆ. ಬಳ್ಳಾರಿಯ ಅಂಗಡಿಗಳಲ್ಲಿ ತೋರಿಸಿದ್ದೆಲ್ಲ ಹೃದಯದ ಆಕಾರದೊಳಗೆ ತಾಯಿ–ಮಗುವಿನ ಚಿತ್ರ. ಚೆನ್ನಾಗಿವೆ, ಆದರೆ ನಮ್ಮವು ಅನ್ನಿಸಲಿಲ್ಲ. ಏನು ಮಾಡಿಸಲಿ?

ಉತ್ತರ: ಒಂದು ಕಾಗದದ ಮೇಲೆ ದೊಡ್ಡದಾಗಿ ‘ಅವ್ವ’ ಎಂದು ಬರೆಯಿರಿ ತಾಯಿ. ಎರಡನೆಯ ಅಕ್ಷರವನ್ನು ಮಾತ್ರ ನೋಡಿ. ಮೇಲೆ ದೊಡ್ಡ ವ. ಅದರ ಅಡಿಗೆ ಒತ್ತಿಕೊಂಡು, ಇನ್ನೂ ತಲೆಕಟ್ಟು ಬಂದಿರದ ಪುಟ್ಟ ವ. ‘ಅಮ್ಮ’ ಎಂದು ಬರೆದರೆ ಒತ್ತಿನ ರೂಪವೇ ಬೇರೆ, ಮೇಲಿನ ಅಕ್ಷರವನ್ನು ಅದು ಹೋಲುವುದಿಲ್ಲ. ‘ಅವ್ವ’ದಲ್ಲಿ ಚಿಕ್ಕದು ದೊಡ್ಡದರ ಪಡಿಯಚ್ಚು. ನೀವು ದಿನಕ್ಕೆ ನೂರು ಸಲ ಕೂಗಿದ ಪದದಲ್ಲೇ ನಿಮ್ಮ ಪದಕ ಕುಳಿತಿದೆ. ಅದೂ ನಿಮ್ಮ ಅವ್ವನ ಕೈಬರಹದಲ್ಲೇ ಇರಲಿ. ಓದು ಬರಹ ಬಾರದವರಾದರೆ ನೀವು ಕೈಹಿಡಿದು ಬರೆಸಿ. ಗೆರೆ ಸ್ವಲ್ಪ ಸೊಟ್ಟಗಿದ್ದರೆ ಅದನ್ನು ತಿದ್ದಲು ಯಾರಿಗೂ ಬಿಡಬೇಡಿ.

ಇನ್ನು ಮಾಡುವ ಬಗೆ. ದೊಡ್ಡ ವ ಸುಮಾರು 18 ಮಿಲಿಮೀಟರ್ ಎತ್ತರ ಇರಲಿ, ಒತ್ತು 8 ಮಿಲಿಮೀಟರ್. ಇದಕ್ಕಿಂತ ಚಿಕ್ಕದು ಮಾಡಿದರೆ ಕನ್ನಡದ ಅಕ್ಷರ ಕೆಡುತ್ತದೆ. ನಮ್ಮ ಅಕ್ಷರದ ಜೀವವೆಲ್ಲ ಅದರ ಸುಳಿಯಲ್ಲಿದೆ. ಒಳಗಿನ ಸಂದು ಸಣ್ಣದಾದಷ್ಟೂ ಬೆವರು, ಧೂಳು, ಸೋಪು ಸೇರಿಕೊಂಡು ವರ್ಷದೊಳಗೆ ಮುಚ್ಚಿಹೋಗುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಂತೂ ಹೇಳುವುದೇ ಬೇಡ. ಮೊದಮೊದಲು ನಾನೂ ಉಗುರಿನಷ್ಟು ಪದಕದಲ್ಲಿ ಇಡೀ ಹೆಸರು ಕೆತ್ತಿಕೊಟ್ಟಿದ್ದೆ. ಆರು ತಿಂಗಳ ಮೇಲೆ ಅದನ್ನು ವಾಪಸು ತಂದ ಹೆಣ್ಣುಮಗಳಿಗೆ ಓದಿ ಹೇಳಲು ನನಗೇ ಆಗಲಿಲ್ಲ. ಅಂದಿನಿಂದ ಒಂದೇ ಅಕ್ಷರ, ದೊಡ್ಡ ಅಕ್ಷರ ಎನ್ನುವುದು ನನ್ನ ಹಟ.

22 ಕ್ಯಾರೆಟ್ ಚಿನ್ನ ಮೆದು. ಆದ್ದರಿಂದ ತಂತಿ ಬಗ್ಗಿಸಿ ಅಕ್ಷರ ಮಾಡಿಸಬೇಡಿ, ಮಗು ಹಿಡಿದೆಳೆದರೆ ಸೊಟ್ಟಗಾಗುತ್ತದೆ. 1.2 ಮಿಲಿಮೀಟರ್ ದಪ್ಪದ ತಗಡಿನಿಂದ ಗರಗಸದಲ್ಲಿ ಕತ್ತರಿಸಿ ತೆಗೆಯುವಂತೆ ಪತ್ತಾರರಿಗೆ ಹೇಳಿ. ದೊಡ್ಡ ವ ಎರಡೂವರೆ ಗ್ರಾಂ ಆಸುಪಾಸು, ಒತ್ತು ಅರ್ಧ ಗ್ರಾಂ ಬರಬಹುದು. ಎರಡನ್ನೂ ಬೆಸುಗೆ ಹಾಕಿ ಒಂದು ಮಾಡಬೇಡಿ. ಒತ್ತನ್ನು ಸಣ್ಣ ಕೊಂಡಿಯಿಂದ ತೂಗುಬಿಡಿಸಿ. ಮಗಳು ದೊಡ್ಡವಳಾಗುವವರೆಗೆ ಅದು ನಿಮ್ಮ ಕೊರಳಲ್ಲೇ ಇರಲಿ. ಆಮೇಲೆ ಕೊಂಡಿ ಬಿಚ್ಚಿ ಅವಳ ಸರಕ್ಕೆ ಹಾಕಿಕೊಡಿ.

ಬೋರಮಾಳವನ್ನು ಪೂರ್ತಿ ಕರಗಿಸುವ ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ. ಆ ಗುಂಡುಗಳು ಗಟ್ಟಿ ಚಿನ್ನವಲ್ಲ. ಮೇಲೆ ತೆಳು ಚಿನ್ನದ ಹೊದಿಕೆ, ಒಳಗೆ ಅರಗು. ಮೂಸೆಗೆ ಹಾಕಿದರೆ ಅರಗು ಉರಿದುಹೋಗಿ ತೂಕ ಇಳಿಯುತ್ತದೆ. ಇದು ತಿಳಿಯದೆ ಎಷ್ಟೋ ಮನೆಯವರು ಪತ್ತಾರರನ್ನು ಕಳ್ಳರೆಂದು ಬೈದದ್ದನ್ನು ಕಂಡಿದ್ದೇನೆ. ನೆಗ್ಗಿದವನ್ನು ಮಾತ್ರ ಆರಿಸಿ, ನಿಮ್ಮ ಕಣ್ಣೆದುರೇ ಕರಗಿಸಿ, ಕರಗಿದ ಮೇಲೆ ತೂಗಿಸಿ, ಶುದ್ಧತೆ ಪರೀಕ್ಷೆ ಮಾಡಿಸಿ. ಚೆನ್ನಾಗಿರುವ ಗುಂಡುಗಳಲ್ಲಿ ಎರಡನ್ನು ತೆಗೆದಿಡಿ. ಒಂದು ನಿಮ್ಮ ಪದಕದ ಮೇಲ್ಭಾಗಕ್ಕೆ. ಅದನ್ನು ಬೆಸೆಯಲು ಬರುವುದಿಲ್ಲ, ಬೆಂಕಿ ತಾಗಿದರೆ ಒಳಗಿನ ಅರಗು ಕರಗಿ ಹೊರಬರುತ್ತದೆ; ಸರಕ್ಕೆ ಪೋಣಿಸಬೇಕು ಅಷ್ಟೇ. ಇನ್ನೊಂದನ್ನು ನಿಮ್ಮ ಅವ್ವನಿಗೇ ಹಿಂದಿರುಗಿಸಿ, ಅವರ ಕರಿಮಣಿ ಸರದಲ್ಲೋ ಕೈದಾರದಲ್ಲೋ ಇರಲಿ. ಉಳಿದವನ್ನು ಹೊಸ ದಾರಕ್ಕೆ ಪೋಣಿಸಿ ಸರವಾಗಿಯೇ ಉಳಿಸಿಕೊಳ್ಳಿ. ಈಗ ಅಜ್ಜಿಯ ಗುಂಡು, ನಿಮ್ಮ ವ, ಮಗಳ ಒತ್ತು, ಮೂರೂ ಒಂದೇ ಸರದಲ್ಲಿವೆ.

ಪದಕದ ಹಿಂಬದಿಯ ಬಗ್ಗೆ ಒಂದು ಮಾತು. ಹಂಪಿಗೆ ಹೋದಾಗ ಹೇಮಕೂಟದ ಬುಡದಲ್ಲಿರುವ ಸಾಸಿವೆಕಾಳು ಗಣಪನನ್ನು ಎಲ್ಲರೂ ಎದುರಿನಿಂದ ನೋಡಿ, ಕೈಮುಗಿದು ಮುಂದೆ ಹೋಗುತ್ತಾರೆ. ಒಮ್ಮೆ ಹಿಂದಕ್ಕೆ ಬಳಸಿ ಬನ್ನಿ. ಅಲ್ಲಿ ಕಾಣುವುದು ಗಣಪನ ಬೆನ್ನಲ್ಲ, ಒಬ್ಬ ಹೆಣ್ಣಿನ ಬೆನ್ನು. ಎಂಟು ಅಡಿ ಎತ್ತರದ ಆ ಏಕಶಿಲೆಯಲ್ಲಿ ಮಗ ಕುಳಿತಿರುವುದು ಪಾರ್ವತಿಯ ತೊಡೆಯ ಮೇಲೆ. ಎದುರಿಗೆ ನಿಂತವರಿಗೆ ಅವಳು ಕಾಣುವುದೇ ಇಲ್ಲ. ಆ ಶಿಲ್ಪಿಯ ಮುಂದೆ ನಾವೆಲ್ಲ ಮಕ್ಕಳು. ಆ ಕಲ್ಲನ್ನು ನೋಡಿದ ಮೇಲೆ, ತಾಯಿಯ ಗುರುತು ಪದಕದ ಹಿಂಬದಿಗೆ ಸೇರಿದ್ದು ಎಂಬುದು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿದೆ. ಮೈಗೆ ತಾಗುವ ಬದಿ ಅದು. ನಿಮ್ಮ ಅವ್ವನ ಬೆರಳಿನ ಗುರುತನ್ನು ಬಿಳಿ ಕಾಗದದ ಮೇಲೆ ಶಾಯಿಯಲ್ಲಿ ತೆಗೆದುಕೊಂಡು ಹೋದರೆ ಲೇಸರ್ ಕೆತ್ತನೆಯವರು ಅದರ ಒಂದು ಭಾಗವನ್ನು ಹಿಂಬದಿಗೆ ಇಳಿಸಿಕೊಡುತ್ತಾರೆ. ಬೇರೆಯವರಿಗೆ ಕಾಣುವುದು ಬೇಡ.

ಮಗು ಎದೆಹಾಲು ಕುಡಿಯುವ ಕಾಲ ಇದು. ಎಲ್ಲ ಅಂಚನ್ನೂ ಅರದಿಂದ ಉಜ್ಜಿ ದುಂಡಗೆ ಮಾಡಿಸಿ, ನಿಮ್ಮ ಕೆನ್ನೆಗೆ ಒತ್ತಿ ನೋಡಿ. ಚುಚ್ಚಿದರೆ ವಾಪಸು ಕೊಡಿ. ಒತ್ತಿನ ಕೊಂಡಿಯ ಬಾಯಿಯನ್ನು ಈಗ ಬೆಸುಗೆ ಹಾಕಿ ಮುಚ್ಚಿಸಿ, ಬಿಚ್ಚುವ ಕಾಲ ಬಂದಾಗ ಕತ್ತರಿಸಿದರಾಯಿತು. ಬಾಯ್ತೆರೆದ ಕೊಂಡಿಯಿಂದ ಜಾರಿದ ಅರ್ಧ ಗ್ರಾಂ ಚಿನ್ನ ನೇರವಾಗಿ ಮಗುವಿನ ಬಾಯಿಗೆ ಹೋಗುತ್ತದೆ. ಪದಕಕ್ಕೆ ಹಾಲ್‌ಮಾರ್ಕ್ ಹಾಕಿಸಿ. ಅದರ ಆರು ಅಂಕಿ–ಅಕ್ಷರಗಳ ಎಚ್‌ಯುಐಡಿ ಸಂಖ್ಯೆಯನ್ನು, ಅಂದರೆ ಆ ಒಡವೆಯದೇ ಗುರುತಿನ ಸಂಖ್ಯೆಯನ್ನು, ಭಾರತೀಯ ಮಾನಕ ಬ್ಯೂರೊದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ನೀವೇ ಪರಿಶೀಲಿಸಬಹುದು. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ, ಆದ್ದರಿಂದ ಒತ್ತಿನ ತೂಕ ಮತ್ತು ಶುದ್ಧತೆಯನ್ನು ರಸೀದಿಯಲ್ಲಿ ಬೇರೆಯಾಗಿ ಬರೆಸಿಕೊಳ್ಳಿ.

ಪ್ರಶ್ನೆ: ಮಾನ್ವಿಯಿಂದ ಬರೆಯುತ್ತಿದ್ದೇನೆ. ಮಗನ ಹೊಕ್ಕುಳ ಬಳ್ಳಿಯ ತುಂಡನ್ನು ಅತ್ತೆ ಒಣಗಿಸಿ ಇಟ್ಟಿದ್ದಾರೆ. ಬೆಳ್ಳಿ ತಾಯತದಲ್ಲಿಟ್ಟು ಅವನ ಕೊರಳಿಗೆ ಕಟ್ಟು ಎನ್ನುತ್ತಾರೆ. ನನಗೆ ಅದನ್ನು ನಾನೇ ಧರಿಸುವ ಆಸೆ. ತಪ್ಪೇ?

ಉತ್ತರ: ಏನೂ ತಪ್ಪಿಲ್ಲ. ಆ ಬಳ್ಳಿ ನಿಮ್ಮಿಬ್ಬರ ನಡುವೆ ಇದ್ದದ್ದು. ಚಿಕ್ಕ ಮಗುವಿನ ಕೊರಳಿಗೆ ದಾರವಾಗಲಿ ಸರಪಳಿಯಾಗಲಿ ಕಟ್ಟದಿರುವುದೇ ಕ್ಷೇಮ; ಮಲಗಿದಾಗ ಸುತ್ತಿಕೊಂಡರೆ ಉಸಿರಿಗೇ ಕುತ್ತು. ನೀವೇ ಧರಿಸಿ.

ಎರಡು ಸೆಂಟಿಮೀಟರ್ ಉದ್ದದ ಬೆಳ್ಳಿ ಕೊಳವೆ, ಒಂದು ತುದಿಗೆ ತಿರುಪಿನ ಮುಚ್ಚಳ ಇದ್ದರೆ ಸಾಕು. ಎಲ್ಲ ಬೆಸುಗೆಯೂ ಮೊದಲೇ ಮುಗಿದಿರಬೇಕು. ಬಳ್ಳಿಯನ್ನು ಒಳಗಿಟ್ಟ ಮೇಲೆ ಬೆಂಕಿ ತೋರಿಸಿದರೆ ಅದು ಸುಟ್ಟು ಬೂದಿಯಾಗುತ್ತದೆ. ಮುಚ್ಚಳ ತಿರುಗಿಸಿ, ಸಂದಿಗೆ ಎಪಾಕ್ಸಿ ಅಂಟು ಹಚ್ಚಿದರೆ ನೀರು ಇಳಿಯುವುದಿಲ್ಲ. ತುಂಡು ಪೂರ್ತಿ ಒಣಗಿರಲಿ, ತೇವ ಉಳಿದರೆ ವಾಸನೆ ಬರುತ್ತದೆ. ಬೆಳ್ಳಿ ಕಪ್ಪಾದಾಗ ಮೆತ್ತನೆಯ ಬಟ್ಟೆಯಿಂದ ಒರೆಸಿ, ತೊಳೆಯುವ ದ್ರಾವಣದಲ್ಲಿ ಅದ್ದಬೇಡಿ. ಬಳ್ಳಿಯನ್ನು ಕೊಳವೆಯೊಳಗೆ ಇಡುವ ಕೆಲಸವನ್ನು ಅತ್ತೆಯವರ ಕೈಯಿಂದಲೇ ಮಾಡಿಸಿ. ಇಷ್ಟು ದಿನ ಜೋಪಾನ ಮಾಡಿದವರು ಅವರು.

ಪ್ರಶ್ನೆ: ನಾವು ಗಂಗಾವತಿಯವರು, ಮೂವರು ಮಕ್ಕಳು. ಅಪ್ಪ ತೀರಿಕೊಂಡ ಮೇಲೆ ಅವ್ವ ಕೊರಳಿಗೆ, ಕೈಗೆ ಏನೂ ಹಾಕುವುದಿಲ್ಲ. ಮೂವರೂ ಸೇರಿ ಒಡವೆ ಕೊಟ್ಟರೆ ಬೇಡವೆನ್ನುತ್ತಾರೆ. ಏನು ಮಾಡಿಸಬಹುದು?

ಉತ್ತರ: ಒತ್ತಾಯ ಮಾಡಬೇಡಿ. ಅವ್ವ ಈಗಾಗಲೇ ಮೈಮೇಲೆ ಇಟ್ಟುಕೊಳ್ಳುವ ವಸ್ತು ಯಾವುದೆಂದು ನೋಡಿ. ಸೊಂಟಕ್ಕೆ ಸಿಕ್ಕಿಸುವ ಕೀಲಿಕೈ ಗೊಂಚಲು ಇದ್ದೇ ಇರುತ್ತದೆ. ಅದಕ್ಕೆ ಬೆಳ್ಳಿಯ ಕೊಕ್ಕೆ ಮಾಡಿಸಿ, ಮೂರು ಗೆಜ್ಜೆ ಹಾಕಿಸಿ. ಮೂರೂ ಬೇರೆ ಬೇರೆ ಗಾತ್ರದವಿರಲಿ, ಆಗ ನಾದವೂ ಬೇರೆಬೇರೆ. ಅಂಗಡಿಯಲ್ಲಿ ಒಂದೊಂದನ್ನೇ ಕಿವಿಯ ಹತ್ತಿರ ಅಲುಗಿಸಿ ಆರಿಸಿ. ನಿಮ್ಮದು ಯಾವುದು, ತಂಗಿಯದು ಯಾವುದು ಎಂದು ಅವ್ವನಿಗೆ ಒಮ್ಮೆ ಹೇಳಿದರೆ ಸಾಕು.