ಆ ಹುಡುಗನನ್ನು ಬೆಂಚಿಗೆ ಕಳಿಸಬೇಡಿ

ಅಮೆರಿಕದ ಕಾಲೇಜ್ ಫುಟ್‌ಬಾಲ್: ಓದುಗರ ಪ್ರಶ್ನೆಗೆ ಡಿಫೆನ್ಸಿವ್ ಬ್ಯಾಕ್‌ ಕೋಚ್ ಉತ್ತರ

ಸೀಸನ್ ಶುರುವಾದರೆ ಸಾಕು, ಒಂದೇ ಪ್ರಶ್ನೆ ಹತ್ತು ರೂಪದಲ್ಲಿ ಬರುತ್ತದೆ. ಡೌನ್ ಎಂದರೇನು, ಟಚ್‌ಡೌನ್‌ಗೆ ಎಷ್ಟು ಅಂಕ ಎಂದು ನಾನಿಲ್ಲಿ ಹೇಳುವುದಿಲ್ಲ. ಪಂದ್ಯ ನೋಡುವವರಿಗೆ ಅದು ಗೊತ್ತಿರುತ್ತದೆ.

ಪ್ರಶ್ನೆ: ಮಗ ಓದುವ ಕಾಲೇಜಿನ ತಂಡದ ಸೆಕೆಂಡರಿಯಲ್ಲಿ, ಅಂದರೆ ಪಾಸ್ ತಡೆಯಲು ಹಿಂದೆ ನಿಲ್ಲುವ ಸಾಲಿನಲ್ಲಿ, ಈ ವರ್ಷ ಇಬ್ಬರು ಫ್ರೆಶ್‌ಮನ್ (ಮೊದಲ ವರ್ಷದ) ಹುಡುಗರಿದ್ದಾರೆ. ಪ್ರತಿ ವಾರ ಅವರ ತಲೆ ಮೇಲಿಂದಲೇ ಟಚ್‌ಡೌನ್. ಸೀನಿಯರ್‌ಗಳು ಸುಮ್ನೆ ಬೆಂಚಿನಲ್ಲಿ ಕೂತಿದ್ದಾರೆ. ಈ ಹುಡುಗರನ್ನು ಯಾಕೆ ಆಡಿಸುತ್ತಾರೆ?

ಟಿವಿಯಲ್ಲಿ ಕಾಣುವುದು ಚೆಂಡು ಬಿದ್ದ ಜಾಗ ಮಾತ್ರ. ಪಾಸ್ ಹಿಡಿಯಲು ಓಡುವ ರಿಸೀವರ್‌ಗಿಂತ ಎರಡು ಹೆಜ್ಜೆ ಹಿಂದೆ ಓಡುತ್ತಿರುವ ಹುಡುಗ ಕಾಣುತ್ತಾನೆ, ನೀವು ಅವನನ್ನೇ ಬೈಯುತ್ತೀರಿ. ಎಷ್ಟೋ ಸಲ ತಪ್ಪು ಅವನದಲ್ಲ.

ಕ್ವಾರ್ಟರ್ಸ್ ಕವರೇಜ್ ತಗೊಳ್ಳಿ. ನಾಲ್ವರು, ಹೊರಬದಿಗೆ ಇಬ್ಬರು ಕಾರ್ನರ್‌ಬ್ಯಾಕ್, ಒಳಗೆ ಇಬ್ಬರು ಸೇಫ್ಟಿ, ಹಿಂದಿನ ಮೈದಾನವನ್ನು ನಾಲ್ಕು ಪಾಲು ಮಾಡಿಕೊಂಡು ನಿಲ್ಲುತ್ತಾರೆ. ಸೇಫ್ಟಿಯ ಕಣ್ಣು ಒಳಗಿನ ರಿಸೀವರ್ ಮೇಲೆ. ಆ ರಿಸೀವರ್ ನೇರವಾಗಿ ಓಡಿ ಬಂದರೆ ಸೇಫ್ಟಿ ಅವನ ಜೊತೆ ಹೋಗಬೇಕು. ಆಗ ಹೊರಗಿನ ರಿಸೀವರ್‌ನ ಎದುರು ಕಾರ್ನರ್‌ಬ್ಯಾಕ್ ಒಬ್ಬನೇ. ಒಳಗಿನವನು ಬೇಗನೇ ಸೈಡ್‌ಲೈನ್ ಕಡೆ ತಿರುಗಿಬಿಟ್ಟರೆ ಸೇಫ್ಟಿಗೆ ಬಿಡುವು, ಕಾರ್ನರ್‌ನ ಸಹಾಯಕ್ಕೆ ಬರುತ್ತಾನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇದೆಲ್ಲ ಇಬ್ಬರಿಗೂ ಒಂದೇ ರೀತಿ ಅರ್ಥ ಆಗಬೇಕು. ಒಳಗಡೆ ಸೇಫ್ಟಿ ಇದ್ದಾನೆ ಅಂದುಕೊಂಡು ಕಾರ್ನರ್ ಹುಡುಗ ಹೊರಭಾಗ ಕಾಯುತ್ತಾನೆ. ಸೇಫ್ಟಿ ಬಂದಿರುವುದಿಲ್ಲ. ರಿಸೀವರ್ ಗೋಲ್‌ಪೋಸ್ಟ್ ಕಡೆ ಒಳಕ್ಕೆ ತಿರುಗುತ್ತಾನೆ, ಕತೆ ಮುಗಿಯಿತು. ಕ್ರಿಕೆಟ್‌ನಲ್ಲಿ ಎತ್ತರದ ಕ್ಯಾಚ್‌ಗೆ ಇಬ್ಬರು ಓಡಿ ಬಂದು, ಇಬ್ಬರೂ 'ನಂದು' ಎಂದು ಕೂಗದೆ ಚೆಂಡು ಮಧ್ಯೆ ಬೀಳುತ್ತದಲ್ವಾ, ಹಾಗೆ.

ಫ್ರೆಶ್‌ಮನ್‌ಗಳಿಗೆ ವೇಗ ಕಮ್ಮಿ ಇರುವುದಿಲ್ಲ. ಅವರಿಗೆ ಕಣ್ಣು ತಪ್ಪುತ್ತದೆ. ಹೈಸ್ಕೂಲಿನಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಕಡೆ ಒಮ್ಮೆ ಇಣುಕಿ ನೋಡಿ, ಆಮೇಲೆ ಓಡಿ ರಿಸೀವರ್‌ನನ್ನು ಹಿಡಿದುಬಿಡುತ್ತಿದ್ದರು. ಕಾಲೇಜಿನಲ್ಲಿ ಆ ಇಣುಕು ನೋಟದಲ್ಲೇ ರಿಸೀವರ್ ಮೂರು ಗಜ ದಾಟಿರುತ್ತಾನೆ. ಅಭ್ಯಾಸದ ಹೊತ್ತಿನಲ್ಲಿ ನಾನು ರಿಸೀವರ್‌ನ ಸೊಂಟಕ್ಕೆ ಒಂದು ಹಳದಿ ಬಟ್ಟೆ ಸಿಕ್ಕಿಸುತ್ತೇನೆ. ಹುಡುಗನ ಕಣ್ಣು ಆ ಬಟ್ಟೆಯಿಂದ ಸರಿದರೆ ಮತ್ತೆ ಮೊದಲಿಂದ. ತಲೆ, ಭುಜ ಆಡಿಸಿ ಯಾಮಾರಿಸಬಹುದು. ಸೊಂಟ ತಿರುಗಿದ ಕಡೆಗೇ ಮನುಷ್ಯ ಓಡಬೇಕು.

ಇನ್ನೊಂದು, ಬಾಯಿ. ಹೊಸಬರು ನಾಚಿಕೊಂಡು ಕೂಗುವುದಿಲ್ಲ. ಚೆಂಡು ಹೊರಡುವ ಮೊದಲು ಎದುರಾಳಿ ರಿಸೀವರ್ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಿದಾಗ ನಿಮ್ಮ ಹುಡುಗರನ್ನು ನೋಡಿ. ಸೆಪ್ಟೆಂಬರಿನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರುತ್ತಾರೆ. ನವೆಂಬರ್ ಹೊತ್ತಿಗೆ ಎಲ್ಲರೂ ಒಟ್ಟಿಗೆ ಕೈ ಸನ್ನೆ ಮಾಡಿ ಜಾಗ ಬದಲಿಸುತ್ತಿದ್ದರೆ ಆ ಸೆಕೆಂಡರಿ ಸುಧಾರಿಸಿದೆ ಎಂದೇ ಅರ್ಥ, ಸ್ಕೋರ್ ಏನೇ ಇರಲಿ.

ನೋಟರ್ ಡೇಮ್ ತಂಡವನ್ನು ನೋಡಿ. ಕಾರ್ನರ್ ಬೆಂಜಮಿನ್ ಮಾರಿಸನ್ 2022ರಲ್ಲಿ ಫ್ರೆಶ್‌ಮನ್ ಆಗಿಯೇ 6 ಇಂಟರ್‌ಸೆಪ್ಷನ್ ಮಾಡಿದರು, ಅಂದರೆ ಎದುರಾಳಿಯ ಪಾಸನ್ನು ಆರು ಸಲ ಕಸಿದರು. 2024ರ ಅಕ್ಟೋಬರಿನಲ್ಲಿ ಅವರಿಗೇ ಸೊಂಟದ ಗಾಯವಾಯಿತು. ಆ ಜಾಗಕ್ಕೆ ಬಂದದ್ದು ಇನ್ನೊಬ್ಬ ಫ್ರೆಶ್‌ಮನ್, ಲೆನರ್ಡ್ ಮೂರ್. ಇನ್ನೊಂದು ಬದಿಯಲ್ಲಿ ಎರಡನೇ ವರ್ಷದ ಕ್ರಿಶ್ಚಿಯನ್ ಗ್ರೇ. ಹಿಂದೆ ಅನುಭವಿ ಸೇಫ್ಟಿ ಝೇವಿಯರ್ ವಾಟ್ಸ್. ಈ ಸೆಕೆಂಡರಿ ಇಟ್ಟುಕೊಂಡೇ ತಂಡ ಫೈನಲ್ ತಲುಪಿತು. 2025ರ ಜನವರಿ 9ರ ಸೆಮಿಫೈನಲ್‌ನಲ್ಲಿ ಪೆನ್ ಸ್ಟೇಟ್ ಎದುರು 24-24 ಸಮವಾಗಿದ್ದಾಗ, ಕೊನೆಯ ನಿಮಿಷದಲ್ಲಿ ಚೆಂಡು ಕಸಿದು ಗೆಲುವಿನ ದಾರಿ ಮಾಡಿಕೊಟ್ಟವರು ಗ್ರೇ. ಹನ್ನೊಂದು ದಿನದ ನಂತರ ಫೈನಲ್. ಓಹಾಯೊ ಸ್ಟೇಟ್‌ಗೆ ಮೂರನೇ ಡೌನ್, ಬೇಕಾದದ್ದು 11 ಯಾರ್ಡ್. ರಿಸೀವರ್ ಜೆರೆಮಾಯಾ ಸ್ಮಿತ್ ಎದುರು ಗ್ರೇ ಒಬ್ಬರೇ. 56 ಯಾರ್ಡಿನ ಪಾಸ್ ಹೋಯಿತು, 34-23ಕ್ಕೆ ಪಂದ್ಯವೂ ಹೋಯಿತು. ಗ್ರೇ ಅವರನ್ನು ತಂಡ ಮೂಲೆಗೆ ತಳ್ಳಲಿಲ್ಲ. 2025ರಲ್ಲೂ ಅವರನ್ನು ಆಡಿಸಿತು. ಆ ಎರಡೂ ದಿನ ಮೈದಾನದಲ್ಲಿದ್ದು ಕಲಿತದ್ದನ್ನು ಯಾವ ವಿಡಿಯೊ ರೂಮಿನಲ್ಲೂ ಕಲಿಸೋಕೆ ಆಗಲ್ಲ.

ಹಾಗಂತ ಕೋಚ್‌ಗಳೆಲ್ಲ ಸರಿ ಎನ್ನುತ್ತಿಲ್ಲ. ಇಬ್ಬರು ಹೊಸಬರನ್ನು, ಒಬ್ಬ ಕಾರ್ನರ್, ಒಬ್ಬ ಸೇಫ್ಟಿ, ಒಂದೇ ಬದಿಗೆ ನಿಲ್ಲಿಸುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹೊಸ ಕಾರ್ನರ್‌ನ ಪಕ್ಕ ಹಳೆಯ ಸೇಫ್ಟಿಯೇ ಬೇಕು. ಮೊದಲು ಕಿಕ್‌ಆಫ್ ತಂಡದಲ್ಲಿ ಓಡಿಸಿ, ಬಯಲಿನಲ್ಲಿ ಒಬ್ಬನನ್ನು ಕೆಡವುವುದನ್ನು ಅಲ್ಲಿ ಕಲಿಯಲಿ. 2018ರ ನಿಯಮದ ಪ್ರಕಾರ 4 ಪಂದ್ಯದವರೆಗೆ ಆಡಿದರೂ ರೆಡ್‌ಶರ್ಟ್ (ಆ ವರ್ಷ ಆಡಿದ ಲೆಕ್ಕಕ್ಕೆ ಸೇರದಿರುವುದು) ಉಳಿಯುತ್ತದೆ, ಒಂದು ವರ್ಷದ ಅರ್ಹತೆ ಕೈಬಿಡುವುದಿಲ್ಲ. ಆ ನಾಲ್ಕನ್ನು ಯೋಚನೆ ಮಾಡಿ ಬಳಸಬೇಕು.

ಪ್ರಶ್ನೆ: ಪೋರ್ಟಲ್‌ನಿಂದ (ಕಾಲೇಜು ಬದಲಿಸಬಯಸುವ ಆಟಗಾರರ ಪಟ್ಟಿಯಿಂದ) ಸೀನಿಯರ್‌ಗಳನ್ನು ತಂದರೆ ಆಗಲ್ವಾ?

ತರಬಹುದು. ಈ ತಂಡದ ಕೂಗು, ಸನ್ನೆ ಅವರೂ ಮೊದಲಿಂದ ಕಲಿಯಬೇಕು.

ಪ್ರಶ್ನೆ: 40 ಯಾರ್ಡ್ ಓಟದಲ್ಲಿ 4.4 ಸೆಕೆಂಡ್ ಬಂದರೆ ಕಾರ್ನರ್ ಆಗಬಹುದಾ?

ಹಿಮ್ಮುಖವಾಗಿ ಓಡುತ್ತಾ ಥಟ್ಟನೆ ತಿರುಗಲು ಬಂದರೆ ಮಾತಾಡೋಣ.

ಪ್ರಶ್ನೆ: 6 ವಾರದಲ್ಲಿ ಇಂಟರ್‌ಸೆಪ್ಷನ್ ಗ್ಯಾರಂಟಿ ಎನ್ನುವ ಆನ್‌ಲೈನ್ ಕೋರ್ಸ್ ಇದೆ. ಮಿನುಗುವ ಕನ್ನಡಕವನ್ನೂ ಕೊಡುತ್ತಾರೆ. ಸೇರಿಸಲೇ?

ಬೇಡ. ಇಂಥವರು ನಿಮ್ಮ ಮಗನ ಆಟವನ್ನು ಒಂದು ಸಲವೂ ನೋಡಿರುವುದಿಲ್ಲ. ಇಂಟರ್‌ಸೆಪ್ಷನ್‌ಗೆ ಗ್ಯಾರಂಟಿ ಕೊಡುವವನು ಸುಳ್ಳು ಹೇಳುತ್ತಿದ್ದಾನೆ. ಒಳ್ಳೆಯ ಕಾರ್ನರ್ ಕಡೆಗೆ ಕ್ವಾರ್ಟರ್‌ಬ್ಯಾಕ್ ಚೆಂಡನ್ನೇ ಎಸೆಯುವುದಿಲ್ಲ, ಇನ್ನು ಅವನ ಲೆಕ್ಕಕ್ಕೆ ಇಂಟರ್‌ಸೆಪ್ಷನ್ ಎಲ್ಲಿಂದ ಬರಬೇಕು? ಆ ದುಡ್ಡಿನಲ್ಲಿ ಒಳ್ಳೆಯ ಶೂ ಕೊಡಿಸಿ.

ಪ್ರಶ್ನೆ: ಮಗನಿಗೆ 14 ವರ್ಷ. ಡಿಕ್ಕಿ ಹೊಡೆದ ಮೇಲೆ ತಲೆನೋವು ಎಂದ. ಗಟ್ಟಿ ಆಗಲಿ ಎಂದು ಆಡಿಸಬಹುದಾ?

ಖಂಡಿತ ಆಡಿಸಬೇಡಿ. ಅದೇ ದಿನ ಡಾಕ್ಟರಿಗೆ ತೋರಿಸಿ. ಅವರು ಬರೆದುಕೊಡುವ ತನಕ ಹೆಲ್ಮೆಟ್ ಮುಟ್ಟುವುದು ಬೇಡ. ಈ ವಿಷಯದಲ್ಲಿ ನಾನು ಅತಿ ಹೆದರುತ್ತೇನೆ ಎಂದು ಅಪ್ಪಂದಿರು ಹೇಳುತ್ತಾರೆ, ಹೇಳಲಿ. ಹಿಂದೊಮ್ಮೆ ನನ್ನ ತಂಡದ ಹುಡುಗನೊಬ್ಬ ತಲೆನೋವು ಮುಚ್ಚಿಟ್ಟು ಇನ್ನೊಂದು ಕ್ವಾರ್ಟರ್ ಆಡಿದ್ದ. ಪಂದ್ಯ ಮುಗಿದ ಮೇಲೆ ಬಸ್ಸಿನಲ್ಲಿ ತನ್ನ ಸೀಟು ಯಾವುದು ಎಂದು ಮೂರು ಸಲ ಕೇಳಿದ. ಅವತ್ತಿನಿಂದ, ತಲೆ ಬಗ್ಗಿಸಿ ಡಿಕ್ಕಿ ಹೊಡೆಯುವವನನ್ನು ಎಷ್ಟೇ ಚೆನ್ನಾಗಿ ಆಡಿದರೂ ಹೊರಗೆ ಕೂರಿಸುತ್ತೇನೆ. ಕಾಲೇಜಿನಲ್ಲೂ 2013ರಿಂದ ಟಾರ್ಗೆಟಿಂಗ್ (ಎದುರಾಳಿಯ ತಲೆಗೆ ಗುರಿಯಿಟ್ಟು ಅಥವಾ ಹೆಲ್ಮೆಟ್‌ನ ನೆತ್ತಿಯಿಂದ ಡಿಕ್ಕಿ ಹೊಡೆಯುವುದು) ಮಾಡಿದವನನ್ನು ಪಂದ್ಯದಿಂದಲೇ ಹೊರಗೆ ಹಾಕುತ್ತಾರೆ. ಭುಜದಿಂದ ತಡೆಯಬೇಕು, ಮುಖ ಮೇಲೆ, ಕಣ್ಣು ತೆರೆದಿರಬೇಕು. ನಿಮ್ಮ ಮಗ ವಾಸಿಯಾಗಿ ಬಂದ ಮೇಲೆ ಮೊದಲ ವಾರ ಅದನ್ನು ನಿಧಾನ ನಡಿಗೆಯಲ್ಲೇ ಮಾಡಲಿ.